ವಿಭೂತಿ ಹಚ್ಚಿಕೊಂಡ ಗೀಸರ್

ನನ್ನ ಹಳೆಯ ದಿನಚರಿಯಲ್ಲಿ ಆಶ್ವೀಜ ಬಹುಳ ತ್ರಯೋದಶಿಯ ದಿನ ಹೀಗೆ ಬರೆದಿದ್ದೇನೆ: "ಗೀಸರಿಗೆ ಪೂಜೆ ಆಯಿತು. ಕೆಳಗೆ ಬಕೆಟ್ ಇಟ್ಟೆ." ಮರುವರ್ಷ ಅದೇ ತಿಥಿಗೆ ಅದೇ ಎರಡು ವಾಕ್ಯ, ಬಕೆಟ್ ಮಾತ್ರ ದೊಡ್ಡದು. ನಾಶಿಕದ ನಮ್ಮ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ.

ಮುಹೂರ್ತ

ನಾವು ಬೀದರ್ ಕಡೆಯವರು. ನೀರು ತುಂಬುವ ಹಬ್ಬದ ಸಂಜೆ ಹಂಡೆ ತೊಳೆದು, ವಿಭೂತಿ ಹಚ್ಚಿ, ನೀರು ತುಂಬಿ ಪೂಜೆ ಮಾಡುವುದು ನಮ್ಮ ರೂಢಿ. ಇಲ್ಲಿ ಹಂಡೆ ಎಲ್ಲಿಂದ ಬರಬೇಕು? ಬಚ್ಚಲಿನ ಗೋಡೆಯ ಮೇಲೆ ಗೀಸರ್ ಇದೆ. ನಮ್ಮ ಮನೆಯವರು ಸ್ಟೂಲ್ ಹತ್ತಿ ಅದಕ್ಕೇ ಮೂರು ಬೆರಳಿನ ವಿಭೂತಿ ಎಳೆಯುತ್ತಾರೆ.

ಹಬ್ಬ ಮುಗಿದ ಕೂಡಲೇ, "ರೀ, ಟ್ಯಾಂಕ್ ಸೋರ್ಲಿಕತ್ತದ, ಹೊಸಾದು ತರೂಣು" ಎಂದೆ.

"ಪೂಜಾ ಮಾಡಿದ್ದನ್ನ ಮರುದಿನಾನೇ ಗುಜರಿಗೆ ಹಾಕ್ತಾರೇನು?"

ಬೇಸಿಗೆಯಲ್ಲಿ ಕೇಳಿದರೆ, "ಈ ಬಿಸಲಾಗ ಬಿಸಿನೀರು ಯಾರಿಗೆ ಬೇಕು?" ಮಳೆಗಾಲದಲ್ಲಿ ಕೇಳಿದರೆ, "ಮಂದಿ ಮನಿ ಮಾಳಗಿನೇ ಸೋರ್ತಾವ, ಇದರ ಮ್ಯಾಲ ಯಾಕ ಸಿಟ್ಟು?" ಮಳೆ ನಿಂತ ಮೇಲೆ ಕೇಳೋಣವೆಂದರೆ ಅವರು ಆಗಲೇ ಮುಂದಿನ ಪೂಜೆಗೆ ಸ್ಟೂಲ್ ಹುಡುಕುತ್ತಿರುತ್ತಾರೆ.

ಕಾವಿ

ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು ನಾನು. ತಣ್ಣೀರು ತಿಳಿಯಾಗಿದ್ದು ಬಿಸಿನೀರು ಮಾತ್ರ ಕೆಂಪಗೆ ಬಂದರೆ ತುಕ್ಕು ಟ್ಯಾಂಕಿನೊಳಗೇ ಇದೆ ಎಂದರ್ಥ. ಅದನ್ನೇ ಹೇಳಿದೆ.

"ಗೋದಾವರಿಗೆ ಹೊಸ ನೀರು ಬಂದಿರಬೇಕು" ಅಂದರು.

"ಇದು ಮಾರ್ಚ್‌ ರೀ."

"ಈ ಸಲ ಮಳಿ ಲಗೂ ಬಂದದ."

ಅವರ ಬಿಳಿ ಬನಿಯನ್‌ಗಳು ಒಂದೊಂದಾಗಿ ಕಾವಿಗೆ ತಿರುಗಿದವು. ಹಗ್ಗದ ಮೇಲೆ ಸಾಲಾಗಿ ಒಣಗುತ್ತಿದ್ದ ಅವನ್ನು ನೋಡಿ ಪಕ್ಕದ ಮನೆಯ ಮರಾಠಿ ಹುಡುಗಿ ಮೆಲ್ಲಗೆ ಕೇಳಿದಳು: "ಕಾಕೂ, ಕಾಕಾ ಸಂನ್ಯಾಸ ತಗೊಂಡ್ರಾ?"

"ಅವರಲ್ಲಮ್ಮ," ಎಂದೆ, "ನಾನು ತಗೊಳ್ಳೋಳಿದ್ದೀನಿ."

ಎಲ್ಲಾ ಹೊಸದು

ಪೈಪು ಸೇರುವಲ್ಲಿ ಹನಿ ಬಿದ್ದರೆ ಬಿಗಿ ಮಾಡಬಹುದು. ಹೊರಗಿನ ಹೊದಿಕೆಯ ತಳದಿಂದಲೇ ಹನಿ ಬಿದ್ದರೆ ಒಳಗಿನ ಟ್ಯಾಂಕ್ ತೂತಾಗಿದೆ, ಅದಕ್ಕೆ ಔಷಧವಿಲ್ಲ. ಇಷ್ಟು ನಾನು ಹೇಳಿದರೆ ನಂಬಿಕೆ ಬರಲಿಲ್ಲವಾದ್ದರಿಂದ ಮಾಲೇಗಾಂವ್ ಕಡೆಯ ಮೆಕ್ಯಾನಿಕನನ್ನು ಕರೆಸಿದೆ. ಹಿಂದೆ ಇದರ ಕಾಯಿಲ್, ಥರ್ಮೋಸ್ಟಾಟ್, ವಾಷರ್ ಬದಲಾಯಿಸಿದವನೂ ಅವನೇ.

ಅವನು ಟಾರ್ಚ್ ಹಾಕಿ ನೋಡಿ, ನನ್ನ ಮಾತನ್ನೇ ಮರಾಠಿಯಲ್ಲಿ ಒಪ್ಪಿಸಿದ. ಕೊನೆಗೆ, "ಕಾಕಾ, ಇದರೊಳಗೆ ಎಲ್ಲಾ ಹೊಸದೇ ಹಾಕಿದ್ದೀನಿ, ಟ್ಯಾಂಕ್ ಒಂದೇ ಹಳೇದು" ಎಂದ.

ನಮ್ಮವರ ಮುಖ ಅರಳಿತು. ನನ್ನ ಕಡೆ ತಿರುಗಿ, "ಕೇಳಿದೇನು? ಎಲ್ಲಾ ಹೊಸಾದೇ ಅದ!"

ಅಳಿಯನ ಅಭ್ಯಂಜನ

ಆ ವರ್ಷ ಮಗಳನ್ನು ಸಂಭಾಜಿನಗರಕ್ಕೆ ಕೊಟ್ಟಿದ್ದೆವು. ಅಳಿಯನ ಮೊದಲ ದೀಪಾವಳಿ. ಜೊತೆಗೆ ಅವನ ತಾಯಿ, ನಮ್ಮ ಬೀಗಿತ್ತಿ. ಅಳಿಯನ ತಲೆಯ ಮೇಲೆ ಕೆಂಪು ನೀರು ಬಿದ್ದರೆ ನನ್ನ ಮರ್ಯಾದೆ ಏನಾಗಬೇಕು? "ಈಗರೆ ಹೊಸಾದು ತರ್ರಿ" ಎಂದು ಬೇಡಿಕೊಂಡೆ. ಅವರು ತುಕ್ಕು ಹಿಡಿದ ಜಾಗ ಕಾಣದಂತೆ ವಿಭೂತಿ ಬಳಿದು, "ಈಗ ನೋಡು, ಹೆಂಗ ಕಾಣ್ತದ" ಎಂದರು.

ಚತುರ್ದಶಿಯ ಬೆಳಗ್ಗೆ ಅಳಿಯ ಮೈತುಂಬ ಎಣ್ಣೆ ಹಚ್ಚಿಕೊಂಡು ಮಣೆಯ ಮೇಲೆ ಕೂತಿದ್ದ. ಮಗಳು ಆರತಿ ಎತ್ತಿದಳು. ಖಾಲಿ ಬಚ್ಚಲಿನೊಳಗೆ ದಬ್ಬೆಂದು ಸದ್ದಾಯಿತು. ಟ್ಯಾಂಕಿನ ತಳ ಕಳಚಿತ್ತು. ನೀರು ಹೊಸ್ತಿಲು ದಾಟಿ, ರಂಗೋಲಿ ಅಳಿಸಿಕೊಂಡು, ಹಾಲ್‌ಗೆ ಬಂತು.

ಬೀಗಿತ್ತಿ ಸೋಫಾದ ಮೇಲೆ ಕಾಲು ಮಡಚಿಕೊಂಡರು. "ಬೀಗರ, ನಿಮ್ಮಲ್ಲಿ ಬಿಸಿನೀರು ಹಾಲ್‌ತನಕ ತಾನೇ ಬರ್ತದೇನ್ರಿ?"

ಅಳಿಯನ ಅಭ್ಯಂಜನ ಪ್ರೆಶರ್ ಕುಕ್ಕರಿನಲ್ಲಿ ಕಾಯಿಸಿದ ನೀರಿನಲ್ಲಿ, ಕಂತುಕಂತಾಗಿ ನಡೆಯಿತು. ಅವನು ಶಾಂತ ಹುಡುಗ. ಕುಕ್ಕರ್ ಸೀಟಿ ಹೊಡೆದಾಗಲೆಲ್ಲ ಬಕೆಟ್ ಮುಂದೆ ಸರಿಸುತ್ತಿದ್ದ.

ಉಡುಗೊರೆಯ ಹೊತ್ತಿಗೆ ನಮ್ಮವರು ಪದ್ಧತಿಯಂತೆ ಕೇಳಿದರು: "ಏನು ಬೇಕಪ್ಪ? ನಾಚಬ್ಯಾಡ."

"ಮಾಮಾ, ಒಂದು ಗೀಸರ್ ಘ್ಯಾ... ತಗೋರಿ," ಎಂದ ಅಳಿಯ, ಬಾಯಿಗೆ ಬಂದ ಮರಾಠಿ ತಿದ್ದಿಕೊಂಡು.

ಮೊದಲ ಹಬ್ಬಕ್ಕೆ ಅಳಿಯ ಕೇಳಿದ್ದಕ್ಕೆ ಇಲ್ಲ ಎನ್ನುವಂತಿಲ್ಲ. ಅಂಗಡಿ ತೆರೆದ ಕೂಡಲೇ ಹೋಗಿ ತಂದರು. ನನಗೆ ಕಣ್ಣು ತುಂಬಿ ಬಂತು. ಪೆಟ್ಟಿಗೆ ಬಿಚ್ಚಲು ಕತ್ತರಿ ಹುಡುಕುತ್ತಿದ್ದೆ; ಬೀಗಿತ್ತಿ ಅದರ ಮೇಲೆ ಕೈಯಿಟ್ಟರು.

"ಅಳಿಯಗ ಕೊಟ್ಟಿದ್ದು ಅಳಿಯನ ಮನಿಗೇ ಬರಬೇಕಲ್ರಿ?"

"ನಿಮ್ಮಲ್ಲಿ ಗೀಸರ್ ಇಲ್ಲೇನ್ರಿ?"

"ಅದರಿ," ಎಂದು ನಿಟ್ಟುಸಿರು ಬಿಟ್ಟರು. "ನಮ್ಮ ಮನಿಯವರೂ ನಾಕು ವರ್ಷದಿಂದ ಅದಕ್ಕ ಪೂಜಾನೇ ಮಾಡ್ಲಿಕತ್ತಾರ."

ಕೊನೆಗೆ ತಗುಲಿದ್ದು ಇಷ್ಟು: ಸಂಭಾಜಿನಗರಕ್ಕೆ ಹೋದ ಗೀಸರ್, ಒಂಬತ್ತು ಸಾವಿರ. ಮರುದಿನ ನಮಗೆ ತಂದದ್ದು, ಒಂಬತ್ತು ಸಾವಿರ. ಎರಡೂ ಕಡೆ ಕೂರಿಸಿದ ಕೂಲಿ, ಸಾವಿರದ ಇನ್ನೂರು. ಹಳೆಯದಕ್ಕೆ ಗುಜರಿಯವನು ಕೊಟ್ಟದ್ದು ನಾನೂರು. ಕಳೆದು ಹದಿನೆಂಟು ಸಾವಿರದ ಎಂಟುನೂರು ರೂಪಾಯಿ.