ಹಿಟ್ಟು ಹೊತ್ತ ಕೋಣ

ನಮ್ಮತ್ತೆ ನೀಲಗಂಗವ್ವ ರಿಮೋಟನ್ನು ಸೆರಗಿನಿಂದ ಒರೆಸಿ, ಅಂಗಳದ ನಡುವೆ ನಿಂತ, ತಾವೇ ಕಟ್ಟಿದ ಸಣ್ಣ ಟ್ರಕ್ಕಿನ ಕಡೆ ಚಾಚಿ, ಎಲ್ಲರೂ ಗೋಡೆಗೆ ಒತ್ತಿ ನಿಲ್ಲಬೇಕೆಂದು ಹೇಳಿದರು. ಎಲ್ಲರೂ ಎಂದರೆ ನಾನು, ನನ್ನ ಗಂಡ ಚನ್ನವೀರ, ಮತ್ತು ನಿವೃತ್ತ ಪೋಸ್ಟ್‌ಮಾಸ್ಟರರಾದ ಮಾವ ಶಿವಪುತ್ರಪ್ಪ. ಮಾವ ಮಾತ್ರ ಗೋಡೆಯ ಹತ್ತಿರ ಹೋಗಲಿಲ್ಲ. ಟ್ರಕ್ಕಿಗೆ ಒಂದು ಪ್ರದಕ್ಷಿಣೆ ಹಾಕಿ, ಬಗ್ಗಿ, ಗಾಲಿಗಳ ಮೇಲಿನ ಸ್ಪ್ರಿಂಗುಗಳನ್ನು ಮುಟ್ಟಿ ನೋಡಿದರು.

"ಇವು ನನ್ನ ಸ್ಕೂಟರಿನವು ಅಲ್ಲೇನು?"

"ಸ್ಕೂಟರ್ ಎರಡು ವರ್ಷದಿಂದ ನಿಂತಲ್ಲೇ ನಿಂತೈತಿ. ನಿಂತ ಗಾಡಿಗೆ ಸ್ಪ್ರಿಂಗ್ ಯಾಕ ಬೇಕ್ರೀ?" ಎಂದರು ಅತ್ತೆ.

ಸ್ಪ್ರಿಂಗಷ್ಟೇ ಅಲ್ಲ. ಗಾಲಿಗಳು ಗುಜರಿಗೆ ಬಿದ್ದಿದ್ದ ಪವರ್ ಟಿಲ್ಲರಿನವು, ಒಂದೊಂದೂ ನನ್ನ ಮೊಣಕಾಲಿನೆತ್ತರ. ಮೋಟಾರು ಯಾರೋ ಕೆಟ್ಟಿತೆಂದು ಬಿಸಾಕಿದ್ದ ಎಲೆಕ್ಟ್ರಿಕ್ ಸ್ಕೂಟಿಯದು. ಬ್ಯಾಟರಿ ನಮ್ಮ ಮನೆಯ ಯುಪಿಎಸ್ಸಿನದು. ಇದು ನಮಗೆ ತಿಳಿದದ್ದು ಮಾರನೆಯ ದಿನ ಕರೆಂಟು ಹೋದಾಗ. ಮೇಲಿನ ಹೊದಿಕೆ ನನ್ನ ಮದುವೆಯ ಟ್ರಂಕಿನ ಮುಚ್ಚಳ. ಮುಂದುಗಡೆ ಒಂದು ಸೈಕಲ್ ಹ್ಯಾಂಡಲನ್ನು ಬೆಸುಗೆ ಹಾಕಿದ್ದರಿಂದ ಕೊಂಬು ಮೂಡಿದಂತಾಗಿ, ಮಾವ ಅದನ್ನು ಕೋಣ ಎಂದು ಕರೆದರು. ಹಂಗಿಸಲು ಇಟ್ಟ ಹೆಸರು ಅತ್ತೆಗೆ ಬಹಳ ಹಿಡಿಸಿತು.

ಅವರು ಗುಂಡಿ ಒತ್ತಿದರು. ಕೋಣ ಗುಟುರು ಹಾಕಿ ಹೊರಟು, ಬಟ್ಟೆ ಒಗೆಯುವ ಕಲ್ಲನ್ನು ಹತ್ತಿ, ಆ ಕಡೆ ಇಳಿದು, ಮಾವನ ಹೆಬ್ಬೆರಳಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಇಡೀ ನೌಕರಿಯಲ್ಲಿ ಯಾರಿಗೂ ಜಗ್ಗದ ಮಾವ ಎರಡು ಹೆಜ್ಜೆ ಹಿಂದೆ ಸರಿದರು.

ಅತ್ತೆ ಇದನ್ನು ಆಟಕ್ಕೆ ಕಟ್ಟಿದ್ದಲ್ಲ. ಬೆಟಗೇರಿಯ ನಮ್ಮ ಓಣಿಯಲ್ಲಿ ಮೂವತ್ತೊಂದು ವರ್ಷದಿಂದ ಹಿಟ್ಟಿನ ಗಿರಣಿ ನಡೆಸಿದವರು ಅವರು. ಬೆಲ್ಟು ಹರಿಯಲಿ, ಮೋಟಾರು ಸುಡಲಿ, ರಿಪೇರಿಗೆ ಯಾರನ್ನೂ ಕರೆದವರಲ್ಲ. ಆದರೆ ಈಚೆಗೆ ಜನ ಜೋಳದ ಡಬ್ಬಿ ಹೊತ್ತು ಬರುವುದನ್ನು ಬಿಟ್ಟು ಪ್ಯಾಕೆಟ್ ಹಿಟ್ಟಿಗೆ ತಿರುಗಿದ್ದರು. ಗಿರಣಿ ಮುಚ್ಚಿ ಜಾಗವನ್ನು ಮೊಬೈಲ್ ಅಂಗಡಿಗೆ ಕೊಡೋಣವೆಂದು ಚನ್ನವೀರ ಹೇಳಿದ. ಅತ್ತೆ ಒಂದು ವಾರ ಮಗನೊಡನೆ ಮಾತು ಬಿಟ್ಟರು. ಎಂಟನೆಯ ದಿನ, ತಾನೇ ಮನೆಮನೆಗೆ ಹಿಟ್ಟು ಮುಟ್ಟಿಸುತ್ತೇನೆ ಎಂದರು. ನಮ್ಮ ಓಣಿಯನ್ನು ಮೂರು ಸಲ ಅಗೆದು ಎರಡು ಸಲ ಮಾತ್ರ ಮುಚ್ಚಿದ್ದಾರೆ. ಅಲ್ಲಿ ಸೈಕಲ್ಲೂ ನೆಟ್ಟಗೆ ಹೋಗದು. ದೈತ್ಯ ಗಾಲಿಯ ಟ್ರಕ್ಕುಗಳು ಕಾರುಗಳ ಮೇಲೆ ಹತ್ತಿಳಿಯುವುದನ್ನು ಅತ್ತೆ ಮೊಬೈಲಿನಲ್ಲಿ ನೋಡಿದ್ದು ಆಗಲೇ.

ಕೊನೆಗೆ ತಾಯಿ ಮಗ ಒಂದು ಒಪ್ಪಂದಕ್ಕೆ ಬಂದರು. ಭಾನುವಾರ ಹನ್ನೆರಡು ಮನೆಗೆ ಹಿಟ್ಟು ಮುಟ್ಟಿದರೆ ಗಿರಣಿ ಉಳಿಯುತ್ತದೆ, ಇಲ್ಲದಿದ್ದರೆ ಮೊಬೈಲ್ ಅಂಗಡಿ.

ಭಾನುವಾರ ಮೊದಲ ನಾಲ್ಕು ಮನೆಗಳಿಗೆ ಕೋಣ ಬಹಳ ಮರ್ಯಾದೆಯಿಂದ ಹೋಗಿಬಂತು. ಐದನೆಯ ಮನೆ ಸಮುದಾಯ ಭವನದ ಎದುರಿಗಿತ್ತು. ಭವನದಲ್ಲಿ ಅಂದು ನಿವೃತ್ತ ಪ್ರೊಫೆಸರ್ ಗುರುಪಾದಯ್ಯನವರ ಸನ್ಮಾನ. ಒಳಗೆ ಪ್ರಾರ್ಥನೆ ಶುರುವಾದದ್ದೇ ತಡ, ಕೋಣ ಹೊರಗೆ ನಿಂತಲ್ಲೇ ಗರಗರ ಸುತ್ತತೊಡಗಿತು. ಅತ್ತೆ ರಿಮೋಟಿನ ಎಲ್ಲ ಗುಂಡಿಗಳನ್ನೂ ಒತ್ತಿದರು. ಹಾಡು ಮುಗಿಯಿತು, ಕೋಣ ನಿಂತಿತು. ನಾವು ಉಸಿರು ಬಿಡುವಷ್ಟರಲ್ಲಿ, ಎರಡೇ ಮಾತು ಹೇಳಿ ಮುಗಿಸುತ್ತೇನೆ ಎಂದು ಪ್ರೊಫೆಸರರ ದನಿ ಕೇಳಿಸಿತು. ಕೋಣ ಕೊಂಬು ತಗ್ಗಿಸಿ ಓಡಿತು.

ಓಣಿಯ ಆ ತುದಿಯಿಂದ ಈ ತುದಿಗೆ ಓಡಿತು. ತರಕಾರಿ ಗಾಡಿಯ ಬದನೆಕಾಯಿ ಚೆಲ್ಲಿತು, ಒಣಹಾಕಿದ್ದ ಶಾವಿಗೆಯ ಮಂಚವನ್ನು ಹತ್ತಿ ಇಳಿಯಿತು. ಚೀಲಗಳು ಒಂದೊಂದಾಗಿ ಒಡೆದು ಹಿಟ್ಟು ಹಾರಿ, ಮಲಗಿದ್ದ ಕರಿ ನಾಯಿ ಬಿಳಿಯಾಗಿ ಎದ್ದು ಹೋಯಿತು. ಹಿಂದೆ ಓಡುತ್ತಿದ್ದ ಚನ್ನವೀರನ ಗುರುತೇ ನನಗೆ ಸಿಗಲಿಲ್ಲ.

ಅತ್ತೆ ಮಾತ್ರ ಓಡದೆ ಕಿವಿಗೊಟ್ಟು ನಿಂತರು. ಪ್ರೊಫೆಸರರು ನೀರು ಕುಡಿದಾಗ ಕೋಣ ನಿಂತಿತು. ಮತ್ತೆ ಮಾತು ಹಿಡಿದಾಗ ಹೊರಟಿತು. ಅತ್ತೆ ಹಣೆ ಚಚ್ಚಿಕೊಂಡರು. ಧ್ವನಿವರ್ಧಕದ ಅಂಗಡಿಯವನು ಗುಜರಿಗೆ ಹಾಕಿದ್ದ ತಂತಿಯಿಲ್ಲದ ಮೈಕ್ ಸೆಟ್ಟನ್ನು ಬಿಚ್ಚಿ ಅವರು ಗುಂಡಿ ಒತ್ತಿದರೆ ಸ್ವರ ಹೊಮ್ಮುವ ರಿಮೋಟು ಮಾಡಿದ್ದರು. ದಪ್ಪ ಸ್ವರಕ್ಕೆ ಮುಂದೆ ಹೋಗು, ಸಣ್ಣ ಸ್ವರಕ್ಕೆ ತಿರುಗು, ಸದ್ದಿಲ್ಲದಿದ್ದರೆ ನಿಲ್ಲು, ಇಷ್ಟೇ ಕೋಣನಿಗೆ ಗೊತ್ತಿದ್ದ ವಿದ್ಯೆ. ಭವನದ ಮೈಕೂ ಅದೇ ಜಾತಿಯದು.

"ವನಜಾ, ಅವರನ್ನ ಸುಮ್ಮನ ಮಾಡಬೇಕವ್ವ" ಎಂದರು ಅತ್ತೆ. ಟ್ರಕ್ಕು ಕಟ್ಟುವುದಕ್ಕಿಂತ ಅದು ಕಷ್ಟದ ಕೆಲಸವೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ನಾವು ವೇದಿಕೆ ಹತ್ತಿದೆವು. ಅತ್ತೆ ಕೈಮುಗಿದು, ಸ್ವಲ್ಪ ಹೊತ್ತು ಮಾತು ನಿಲ್ಲಿಸಬೇಕೆಂದು ಕೇಳಿಕೊಂಡರು. ಪ್ರೊಫೆಸರರು ಈ ತಾಯಿಗೆ ನನ್ನ ವಿಚಾರದಲ್ಲಿ ಸಂದೇಹವಿದೆ ಎಂದು ಸಭೆಗೆ ತಿಳಿಸಿ, ಸಂದೇಹ ಪರಿಹಾರವನ್ನು ಇನ್ನೂ ಗಟ್ಟಿ ದನಿಯಲ್ಲಿ ಶುರು ಮಾಡಿದರು. ಹೊರಗೆ ಏನೋ ದಡಾರನೆ ಬಿತ್ತು. ಮುಕ್ಕಾಲು ಗಂಟೆ ಹೀಗೇ ಕಳೆದ ಮೇಲೆ ಅತ್ತೆ ಮರ್ಯಾದೆ ಬಿಟ್ಟು ಅವರ ಕೈಯಿಂದ ಮೈಕು ಕಿತ್ತುಕೊಂಡರು.

ಆಮೇಲೆ ಅವರು ಮಾಡಿದ್ದನ್ನು ನಾನು ಮರೆಯಲಾರೆ. ಗಿರಣಿ ತಿರುಗುವ ಸದ್ದಿನ ಹಾಗೆ ಮೆಲ್ಲಗೆ ಹ್ಞೂಂ ಎಂದು ಗುನುಗಿದರು, ನಡುನಡುವೆ ಸಣ್ಣಗೆ ಸಿಳ್ಳೆ ಹಾಕಿದರು. ಕೋಣ ಬಾಗಿಲ ಇಳಿಜಾರನ್ನು ಹತ್ತಿ, ಕುರ್ಚಿಗಳ ನಡುವಿನ ದಾರಿಯಲ್ಲಿ ತಲೆ ತಗ್ಗಿಸಿ ಬಂದು ವೇದಿಕೆಯ ಕೆಳಗೆ ನಿಂತಿತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯನ್ನು ಅತ್ತೆಯ ಕೈಯಲ್ಲಿದ್ದ ಮೈಕೂ ಕೇಳಿಸಿಕೊಂಡಿತು. ಇನ್ನೂರು ಆಜ್ಞೆಗಳನ್ನು ಒಟ್ಟಿಗೆ ಪಡೆದ ಕೋಣ ಮುಂಗಾಲೆತ್ತಿ, ಸ್ಪ್ರಿಂಗಿನ ಮೇಲೆ ಕುಪ್ಪಳಿಸಿ ವೇದಿಕೆಗೇ ಹಾರಿತು. ಉಳಿದಿದ್ದ ಕೊನೆಯ ಚೀಲ ಶಾಲು, ಹಾರ, ಹಣ್ಣಿನ ಬುಟ್ಟಿಗಳ ಸಮೇತ ಪ್ರೊಫೆಸರರ ಮೇಲೆ ಒಡೆಯಿತು. ಅವರು ಮೂರು ಸಲ ಸೀನಿ, ಮೈಕಿಲ್ಲದೆಯೇ ಭಾಷಣ ಮುಂದುವರಿಸಿದರು.

ಎಂಟು ಮನೆಯ ಹಿಟ್ಟು ನೆಲದ ಪಾಲಾಯಿತು. ಅತ್ತೆ ಗಿರಣಿಯ ಬಾಗಿಲು ಎಳೆದು ಮೆಟ್ಟಿಲ ಮೇಲೆ ಕೂತರು, ಊಟಕ್ಕೂ ಏಳಲಿಲ್ಲ. ಮಾವ ಹಳೆ ಪಂಚೆಯಿಂದ ಕೋಣನ ಮೈ ಒರೆಸಿದರು. ಆಮೇಲೆ ಸ್ಕೂಟರಿನ ಹಾರ್ನು ಬಿಚ್ಚಿ ತಂದು ಅತ್ತೆಯ ಪಕ್ಕದಲ್ಲಿಟ್ಟರು.

"ಇದನ್ನೂ ಹಚ್ಚು. ಮಂದಿ ದಾರಿ ಬಿಡ್ತಾರ."

ಅತ್ತೆ ಅತ್ತದ್ದನ್ನು ನಾನು ಆ ದಿನ ಮೊದಲ ಸಲ ನೋಡಿದೆ.

ಮಾರನೆಯ ಬೆಳಿಗ್ಗೆ ಹಾರ್ನು ಹಚ್ಚಿದರೂ ಕೋಣ ಅಲ್ಲಾಡಲಿಲ್ಲ. ರಿಮೋಟಿಗೂ ಬಗ್ಗಲಿಲ್ಲ, ಗುನುಗಿಗೂ ಬಗ್ಗಲಿಲ್ಲ. ಒಳಗನ್ನು ಬಿಚ್ಚಿ ನೋಡಿದ ಅತ್ತೆ ಸಂಕೋಚದಿಂದ ವಿಷಯ ಹೇಳಿದರು. ಯಜಮಾನರ ಗುರುತು ಹಿಡಿಯಲೆಂದು ಅವರು ಒಂದು ಕಲಿಯುವ ಚಿಪ್ ಕೂರಿಸಿದ್ದರಂತೆ. ಹೆಚ್ಚು ಹೊತ್ತು ಅಪ್ಪಣೆ ಕೊಟ್ಟವರೇ ಅದಕ್ಕೆ ಯಜಮಾನರು. ಗುರುಪಾದಯ್ಯನವರು ಒಂದೇ ಸಮನೆ ಮುಕ್ಕಾಲು ಗಂಟೆ ಕೊಟ್ಟಿದ್ದರು.

ಅಷ್ಟರಲ್ಲಿ ಪ್ರೊಫೆಸರರೇ ತಕರಾರು ಹೇಳಲು ಬಂದರು. ಮಾವ ಅವರಿಗೆ ಕುರ್ಚಿ ಕೊಡಲಿಲ್ಲ, ರಿಮೋಟಿನಿಂದ ಮೈಕನ್ನು ಬಿಡಿಸಿ ಕೊಟ್ಟರು.

"ಸರ, ಇದರೊಳಗ ಹೇಳ್ರಿ. ಸ್ಪಷ್ಟ ಕೇಳ್ತೈತಿ."

ಮೈಕು ಕಂಡು ಬೇಡ ಎನ್ನುವವರಲ್ಲ ಅವರು. ಬಾಯಿ ತೆರೆದದ್ದೇ ಕೋಣ ಕರುವಿನ ಹಾಗೆ ಬಂದು ಅವರ ಕಾಲ ಬಳಿ ನಿಂತಿತು. ಅವರು ಅಂಗಳದಲ್ಲಿ ಅತ್ತಿತ್ತ ನಡೆದರು, ಅದೂ ನಡೆಯಿತು. ತಕರಾರು ಅರ್ಧಕ್ಕೇ ನಿಂತಿತು. ನಿವೃತ್ತರಾದ ಮೇಲೆ ಐದು ವರ್ಷದಿಂದ ಯಾರೂ ಹೀಗೆ ಹಿಂದೆ ಬಂದು ಕೇಳಿರಲಿಲ್ಲ ಎಂದು ಅವರು ಮೆಲ್ಲಗೆ ಹೇಳಿದರು. ಆಗ ಕೋಣ ಒಂದು ಮೊಳ ಮುಂದೆ ಬಂತು.

ಈಗ ದಿನಾ ಎಂಟು ಗಂಟೆಗೆ ಪ್ರೊಫೆಸರರು ಮಾತಾಡುತ್ತ ಮುಂದೆ, ಹಿಟ್ಟು ಹೊತ್ತ ಕೋಣ ಹಿಂದೆ. ಜನ ಬಾಗಿಲಲ್ಲೇ ಡಬ್ಬಿ ಹಿಡಿದು ನಿಂತಿರುತ್ತಾರೆ, ಪ್ರೊಫೆಸರರು ಹೆಚ್ಚು ಹೊತ್ತು ನಿಲ್ಲಬಾರದಲ್ಲ. ಪದೇಪದೇ ಬರಬಾರದೆಂದು ತಿಂಗಳಿಗಾಗುವ ಹಿಟ್ಟನ್ನು ಒಮ್ಮೆಲೇ ಹೇಳಿಬಿಡುತ್ತಾರೆ. ಗಿರಣಿಗೆ ಬಿಡುವಿಲ್ಲ. ಚನ್ನವೀರ ಮೊಬೈಲ್ ಅಂಗಡಿಯ ಮಾತೆತ್ತುವುದಿಲ್ಲ, ಜೋಳ ತೂಗುತ್ತಾನೆ.

ಮೊನ್ನೆ ಬ್ಯಾಟರಿ ಮುಗಿದು ಕೋಣ ನಡುದಾರಿಯಲ್ಲಿ ನಿಂತಿತು. ನಾವು ಹುಡುಕಿಕೊಂಡು ಹೋಗುವಷ್ಟರಲ್ಲಿ ಪ್ರೊಫೆಸರರು ಮಾತಾಡುತ್ತಲೇ ಎರಡು ಓಣಿ ಮುಂದೆ ಹೋಗಿದ್ದರು.