ಕೊರಳಲ್ಲಿ ಬ್ಯಾಕಪ್ ಕಟ್ಟಿಕೊಂಡ ವರ್ಷ

ಹೆದರುವವರನ್ನು ಹುಡುಕಿಕೊಂಡೇ ಹೆದರಿಸುವ ಕೆಲಸಗಳು ಬರುತ್ತವೆ. ನಾನು ಹುಟ್ಟಾ ಪುಕ್ಕಲಿ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸ್ ಓಡಿದವಳು. ಅಂಥವಳಿಗೆ ಬೀದರಿನ ಒಂದು ಕಚೇರಿಯಲ್ಲಿ ಸಿಕ್ಕಿದ್ದು ಇಂಥ ಕೆಲಸ.

ತಣ್ಣನೆಯ ಕೋಣೆಯೊಳಗೆ ಡಿಸ್ಕುಗಳು ತುಂಬಿದ ಒಂದು ಕಪಾಟು. ಕಚೇರಿಯ ಮಾಹಿತಿಯೆಲ್ಲ ಅದರಲ್ಲಿ. ಆ ಕಪಾಟಿಗೂ ಸರ್ವರುಗಳಿಗೂ ನಡುವೆ ಒಂದು ಸ್ವಿಚ್ಚು. ಜೋಡಿ ಇರಬೇಕಿತ್ತು, ಒಂದು ಸುಟ್ಟುಹೋಗಿತ್ತು, ಹೊಸದು ಇವತ್ತು ಬರುತ್ತದೆ ನಾಳೆ ಬರುತ್ತದೆ ಎನ್ನುತ್ತಲೇ ಇದ್ದರು. ಯಾವ ಸರ್ವರು ಯಾವ ಡಿಸ್ಕನ್ನು ನೋಡಬಹುದು ಎಂಬ ಕಟ್ಟಳೆ ಪೂರ್ತಿ ಆ ಸ್ವಿಚ್ಚಿನ ತಲೆಯಲ್ಲಿ. ಆ ಕಟ್ಟಳೆಯ ನಕಲು ತೆಗೆದಿಡುವುದು, ಅಂದರೆ ಬ್ಯಾಕಪ್, ಮತ್ತು ಸ್ವಿಚ್ಚಿನೊಳಗಿನ ತಂತ್ರಾಂಶವನ್ನು, ಅಂದರೆ ಫರ್ಮ್‌ವೇರನ್ನು, ಆಗಾಗ ಹೊಸದು ಮಾಡುವುದು ನನ್ನ ಪಾಲಿಗೆ ಬಂದಿತ್ತು.

ಮಳೆ ಮುಖ ತೋರಿಸದ ವರ್ಷಗಳವು. ಹಳ್ಳಿಗೆ ಹೋಗುವ ನೀರಿನ ಟ್ಯಾಂಕರಿನ ಚೀಟಿ ನಮ್ಮ ಸರ್ವರಿನಿಂದಲೇ ಹೊರಡಬೇಕು. ಚೀಟಿ ಇಲ್ಲದಿದ್ದರೆ ತುಂಬುವ ಕಡೆ ನಲ್ಲಿ ತಿರುವುತ್ತಿರಲಿಲ್ಲ. ಔರಾದ ಕಡೆಯ ಟ್ಯಾಂಕರ್ ಓಡಿಸುವ ಡ್ರೈವರಣ್ಣನ ಮನೆ ಎಕಂಬಾದಲ್ಲಿ. ಅರ್ಧ ಓಣಿ ಆಗಲೇ ಹೈದರಾಬಾದಿಗೆ ದುಡಿಯಲು ಹೋಗಿತ್ತು. ಅವನ ಹೆಂಡತಿ ಕಡ್ಡಿ ಮುರಿದಂತೆ ಹೇಳಿದ್ದಳು: "ಒಂದ ದಿನ ನೀರು ತಪ್ಪಿತಂದ್ರ ಮಕ್ಕಳ್ನ ಕರ್ಕೊಂಡು ಅಣ್ಣನ ಕಡಿ ಹೋಗ್ತೇನಿ. ನೀ ಟ್ಯಾಂಕರ್ ಜೋಡಿ ಸಂಸಾರ ಮಾಡ್ಕೊಂಡು ಇರು." ಅಂದಿನಿಂದ ನಾವು ಸ್ವಿಚ್ಚಿಗೆ ಕೈ ಹಚ್ಚಿದಾಗಲೆಲ್ಲ ಅವನು ಬಾಗಿಲಲ್ಲಿ ಕೂತಿರುತ್ತಿದ್ದ.

ಹೆಲ್ಮೆಟ್ಟು

ಮೊದಲ ಸಲ ಫರ್ಮ್‌ವೇರ್ ಏರಿಸಿದ ದಿನ ಗುಂಡಿ ಒತ್ತುವ ಮುಂಚೆ ನಾನು ಮೂರು ಸಲ ಬ್ಯಾಕಪ್ ತೆಗೆದೆ. ಪುಕ್ಕಲುತನದಲ್ಲಿ ನಮ್ಮ ಸಾಹೇಬರು ನನಗಿಂತ ಒಂದು ಕೈ ಮೇಲು. ಅವರು ಸ್ವಿಚ್ಚಿಗೆ ಬೆನ್ನು ತಿರುಗಿಸಿ ನಿಂತರು.

"ನಾ ನೋಡಂಗಿಲ್ಲ. ಏನಾಯ್ತು ನೀವ ಹೇಳ್ರಿ."

ಕೆಲಸ ಮುಗಿಯುವ ಮುಂಚೆ ಸ್ವಿಚ್ಚು ಒಮ್ಮೆ ತಾನಾಗಿಯೇ ಬಂದ್ ಆಗಿ ಮತ್ತೆ ಶುರುವಾಗುತ್ತದೆ. ಅಷ್ಟು ಹೊತ್ತು ಅದರ ಲೈಟುಗಳೆಲ್ಲ ಆರುತ್ತವೆ.

"ಲೈಟು ಆರಿದವ್ರಿ," ಎಂದೆ.

"ಬಂದವೇನ್ರಿ?"

"ಇನ್ನಾ ಇಲ್ರಿ."

"ಈಗ್ರಿ?"

"ಇಲ್ರಿ."

ಆಮೇಲೆ ಸಾಹೇಬರು ಕೇಳಲಿಲ್ಲ. ಧೈರ್ಯ ತಂದುಕೊಂಡರು ಎಂದುಕೊಂಡೆ. ಲೈಟು ಒಂದೊಂದಾಗಿ ಹತ್ತಿದಾಗ ಖುಷಿಯಿಂದ ತಿರುಗಿದರೆ ಅಲ್ಲಿ ಯಾರೂ ಇಲ್ಲ. ಹುಡುಕಿಕೊಂಡು ಹೊರಗೆ ಹೋದೆ. ಸಾಹೇಬರು ಗೇಟಿನ ಹತ್ತಿರ, ಹೆಲ್ಮೆಟ್ ಹಾಕಿಕೊಂಡು, ಸ್ಕೂಟರ್ ಚಾಲೂ ಮಾಡಿ ಕೂತಿದ್ದರು.

"ಎಲ್ಲಾ ಬಂದವ್ರಿ ಸಾಹೇಬ್ರ," ಎಂದೆ.

"ಬರ್ತಾವಂತ ನನಗ ಗೊತ್ತಿತ್ರಿ," ಎಂದು ಹೆಲ್ಮೆಟ್ ತೆಗೆದರು.

ಭದ್ರವಾದ ಜಾಗ

ಭಾಲ್ಕಿಯಲ್ಲೂ ನಮ್ಮದೊಂದು ಸಣ್ಣ ಕೋಣೆ, ಅಂಥದೇ ಕಪಾಟು, ಅಂಥದೇ ಸ್ವಿಚ್ಚು. ಅಲ್ಲಿನ ಬ್ಯಾಕಪ್ಪನ್ನು ನಾನು ಪೆನ್‌ಡ್ರೈವಿನಲ್ಲಿ ಇಟ್ಟಿದ್ದೆ. ಸಾಹೇಬರಿಗೆ ಸಮಾಧಾನವಿಲ್ಲ. "ಬೆರಳಷ್ಟು ಸಾಮಾನು, ಎಲ್ಲಿ ಬೇಕಲ್ಲಿ ಬೀಳ್ತದ" ಎಂದು ಅದನ್ನು ತಾವೇ ಭದ್ರವಾದ ಜಾಗಕ್ಕೆ ಸಾಗಿಸಿ, ಪೆನ್‌ಡ್ರೈವನ್ನು ಖಾಲಿ ಮಾಡಿಸಿದರು. ಫರ್ಮ್‌ವೇರ್ ಏರಿಸಿದಾಗ ಸ್ವಿಚ್ಚು ಕಟ್ಟಳೆಯನ್ನೆಲ್ಲ ಮರೆತು ಕೂತಿತು. ಕಪಾಟು ಯಾವ ಸರ್ವರಿಗೂ ಕಾಣಿಸದಾಯಿತು.

"ಬ್ಯಾಕಪ್ ಎಲ್ಲಿಟ್ಟೀರಿ ಸಾಹೇಬ್ರ?"

ಸಾಹೇಬರು ಕಪಾಟಿನ ಕಡೆ ಬೆರಳು ಮಾಡಿದರು. "ಅದರಾಗ. ಅದಕ್ಕಿಂತ ಭದ್ರ ಯಾವುದದ ಹೇಳ್ರಿ."

ಪೆಟ್ಟಿಗೆಯ ಕೀಲಿಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಕೀಲಿ ಹಾಕಿದ ಹಾಗಾಗಿತ್ತು. ಒಂದೊಂದೇ ಕೇಬಲ್ ಹಿಡಿದು, ಅದರ ಇನ್ನೊಂದು ತುದಿ ಎಲ್ಲಿಗೆ ಹೋಗುತ್ತದೆ ಎಂದು ನೆಲದ ಮೇಲೆ ತೆವಳಿ ನೋಡಿ, ಕಟ್ಟಳೆಯನ್ನೆಲ್ಲ ಹೊಸದಾಗಿ ಬರೆಯುವಷ್ಟರಲ್ಲಿ ನನ್ನ ಸೀರೆಯ ಬಣ್ಣ ತಿಳಿಯದಂತಾಗಿತ್ತು. ಕಪಾಟು ಮತ್ತೆ ಸರ್ವರುಗಳಿಗೆ ಕಂಡಾಗ ಸಾಹೇಬರು ಬೆವರು ಒರೆಸಿಕೊಂಡರು.

"ಮೊದ್ಲ ಇದರ ಬ್ಯಾಕಪ್ ತಗೋರಿ."

"ಎಲ್ಲಿಡ್ಲಿರಿ?"

"ಅಲ್ಲೇ ಇಡ್ರಿ, ಕಪಾಟಿನ್ಯಾಗ. ಈಗ ರಿಪೇರಿ ಆಗ್ಯದಲ್ಲ."

ತಾಯತ

ಆ ದಿನದಿಂದ ನನಗೆ ಯಾರ ಮೇಲೂ ನಂಬಿಕೆ ಉಳಿಯಲಿಲ್ಲ. ಬೀದರಿನ ಸ್ವಿಚ್ಚಿನ ಬ್ಯಾಕಪ್ಪಿದ್ದ ಪೆನ್‌ಡ್ರೈವಿಗೆ ಕರಿ ದಾರ ಪೋಣಿಸಿ ಕೊರಳಿಗೇ ಕಟ್ಟಿಕೊಂಡೆ. ಇನ್ನೊಂದು ನಕಲು ಸಾಹೇಬರ ಹತ್ತಿರ, ಮತ್ತೊಂದು ಕಚೇರಿ ಗುಡಿಸಿ ಒರೆಸುವ ಮೌಶಿಯ ಹತ್ತಿರ. ಸಾಹೇಬರಿಗೆ ಕೊಟ್ಟಿದ್ದು ಮನಸ್ಸಿಲ್ಲದ ಮನಸ್ಸಿನಿಂದ. ತಮ್ಮ ಪೆನ್‌ಡ್ರೈವಿಗೆ ನಕಲನ್ನು ತಾವೇ ಕಾಪಿ ಮಾಡಿಕೊಳ್ಳುವುದಾಗಿ ಹಟ ಹಿಡಿದಿದ್ದರು.

ಔರಾದ ಕಚೇರಿಗೆ ಹೋಗಬೇಕಾದ ದಿನ ಜೀಪು ಇರಲಿಲ್ಲ. ಡ್ರೈವರಣ್ಣನ ಟ್ಯಾಂಕರಿನಲ್ಲೇ ಹತ್ತಿದೆ. ಎಕಂಬಾದಲ್ಲಿ ನೀರು ಬಿಡಲು ನಿಂತಾಗ ಕೊಡಗಳ ಸಾಲಿನಿಂದ ಒಬ್ಬ ಅಜ್ಜಿ ಬಂದು ನನ್ನ ಕೊರಳು ನೋಡಿದಳು.

"ಇದ್ಯಾವ ದರ್ಗಾದ ತಾಯತ ಯವ್ವಾ?"

"ತಾಯತ ಅಲ್ಲಜ್ಜಿ. ಇದು ಇದ್ರ ಚೀಟಿ ತಪ್ಪಂಗಿಲ್ಲ, ಚೀಟಿ ತಪ್ಪದಿದ್ರ ನೀರು ತಪ್ಪಂಗಿಲ್ಲ."

"ಹಂಗಾದ್ರ ಅದೇ ತಾಯತ," ಎಂದು ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡಳು. ಹಿಂದೆಯೇ ಸಾಲಿನಲ್ಲಿದ್ದ ಹೆಂಗಸರೆಲ್ಲ ಬಂದರು. ನನ್ನ ಕೊರಳು ಬಗ್ಗಿ ಬಗ್ಗಿ ನೋಯತೊಡಗಿತು.

ಡ್ರೈವರಣ್ಣನ ಮನೆಯಲ್ಲಿ ಚಹಾ ಕುಡಿದೆ. ಬಾಗಿಲ ಹಿಂದೆ ಮೊಳೆಗೆ ಬಟ್ಟೆ ತುಂಬಿದ ಚೀಲ ತೂಗುತ್ತಿತ್ತು. ಅವನ ಹೆಂಡತಿ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ಕಟ್ಟೇ ಇಟ್ಟೀನ್ರಿ ಮೇಡಂ," ಎಂದಳಷ್ಟೆ. ನನಗೆ ನಿಜಕ್ಕೂ ಭಯವಾಯಿತು.

ವಾಪಸ್ ಬರುವಾಗ ಡ್ರೈವರಣ್ಣ ಮೆಲ್ಲಗೆ ಕೇಳಿದ: "ಮೇಡಂ, ನಮ್ಮ ಮನಿದೂ ಒಂದು ಬ್ಯಾಕಪ್ ತಗೀಲಕ ಬರ್ತದೇನ್ರಿ?"

ಖಂಡೆ ಕೂತಾವ

ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ ದಿನ. ಒಳ್ಳೆಯ ದಿನ, ಕಚೇರಿಗೆ ರಜೆ, ಇವತ್ತೇ ಫರ್ಮ್‌ವೇರ್ ಏರಿಸೋಣ ಎಂದರು ಸಾಹೇಬರು. ಮೌಶಿ ಒಂದು ಕಂಪ್ಯೂಟರ್ ಮಾತ್ರ ಕೆಲಸಕ್ಕೆ ಬಿಟ್ಟು, ಉಳಿದ ಸಾಮಾನನ್ನೆಲ್ಲ ಪೂಜೆಗೆ ಕೂರಿಸಿದರು. ಸ್ಕ್ರೂಡ್ರೈವರು, ಕಟ್ಟರು, ಅವುಗಳ ಮುಂದೆ ಸಾಹೇಬರ ಮತ್ತು ತಮ್ಮ ಪೆನ್‌ಡ್ರೈವುಗಳು. "ನಿಂದೂ ಬಿಚ್ಚು ಮಗಳ," ಎಂದು ನನ್ನ ಕೊರಳಿನದನ್ನೂ ಬಿಡಲಿಲ್ಲ. ವಿಭೂತಿ, ಕುಂಕುಮ, ಚೆಂಡುಹೂವು, ಒಡೆದ ಕಾಯಿಯ ನೀರು, ಎಲ್ಲವೂ ಧಾರಾಳ.

ಸ್ವಿಚ್ಚಿನ ಲೈಟು ಆರಿತು, ಮೌಶಿ ಆರತಿ ಎತ್ತಿದರು, ಲೈಟು ಹತ್ತಿತು. ಪರದೆ ನೋಡಿದೆ. ಭಾಲ್ಕಿಯ ಕಥೆಯೇ. ಕಟ್ಟಳೆ ಒಂದೂ ಇಲ್ಲ. ಇಲ್ಲಿನ ಕೇಬಲ್ಲುಗಳನ್ನು ಹಿಡಿದು ತೆವಳಿದರೆ ಸಂಜೆಯೊಳಗೆ ಮುಗಿಯುವ ಮಾತಲ್ಲ.

ಪೆನ್‌ಡ್ರೈವಿಗೆ ಕೈ ಚಾಚಿದರೆ ಮೌಶಿ ಅಡ್ಡ ನಿಂತರು. "ಖಂಡೆ ಕೂತಾವ. ನಾಳಿ ದಸರಾಕ ಬನ್ನಿ ಕೊಟ್ಟ ಮ್ಯಾಲ ಎಬ್ಬಸ್ತೀನಿ. ಅಲ್ಲಿತನ ಮುಟ್ಟಂಗಿಲ್ಲ."

ಬಾಗಿಲಲ್ಲಿ ಕೂತಿದ್ದ ಡ್ರೈವರಣ್ಣ ಎದ್ದು ನಿಂತ. ನಾಳೆಯ ಚೀಟಿ ಇವತ್ತು ಸಂಜೆಯೊಳಗೆ ಬರಬೇಕು. ಸಾಹೇಬರು ನನ್ನ ಕಿವಿಯಲ್ಲಿ ಹೇಳಿದರು: "ಮೇಡಂ, ನೀವು ಬುದ್ಧ ವಿಹಾರಕ್ಕ ಹೋಗೋರು. ನಿಮ್ಮ ಮನ್ಯಾಗ ಈ ಪೂಜಿ ಇಲ್ಲ. ನೀವು ಮುಟ್ಟಿದ್ರ ದೇವಿ ಏನೂ ಅನ್ನಂಗಿಲ್ಲ."

"ದೇವಿ ಅನ್ನಂಗಿಲ್ರಿ," ಎಂದೆ. "ಮೌಶಿ ಅಂತಾರ್ರಿ."

ಡ್ರೈವರಣ್ಣ ಹೊರಗೆ ಓಡಿದ. ಹೆಂಡತಿಯನ್ನು ತಡೆಯಲು ಹೋದ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಮೈಕೈ ಮುಳ್ಳು ಗೀರಿಸಿಕೊಂಡು, ಬೊಗಸೆ ತುಂಬ ಬನ್ನಿ ಎಲೆ ಹಿಡಿದು ಬಂದು ಮೌಶಿಯ ಕಾಲಿಗೆ ಬಿದ್ದ.

"ಬನ್ನಿ ತಗೊಂಡು ಬಂಗಾರದಂಗ ಇರೋಣು ಮೌಶಿ."

"ದಸರಾ ನಾಳಿಗಿ ಅದಲ್ಲೋ."

"ನಾಳಿಗಿ ನನ್ನ ಮನ್ಯಾಗ ಯಾರೂ ಇರಂಗಿಲ್ಲ ಮೌಶಿ. ನಂದು ದಸರಾ ಇವತ್ತೇ."

ಮೌಶಿ ಅವನನ್ನೇ ನೋಡಿದರು. ಬನ್ನಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಒಂದು ದಿನ ಮುಂಚೆಯೇ ನಾವೆಲ್ಲ ಬನ್ನಿ ಕೊಟ್ಟು, ಹಿರಿಯರ ಕಾಲು ಮುಟ್ಟಿ, ಖಂಡೆ ಎಬ್ಬಿಸಿದೆವು.

ನನ್ನ ತಾಯತದೊಳಗೆ ಕಾಯಿಯ ನೀರು. ಅದು ಸತ್ತೇಹೋಗಿತ್ತು. ನೀರು ತಾಗದೆ ಉಳಿದಿದ್ದು ಸಾಹೇಬರದು ಮಾತ್ರ. ತೆರೆದರೆ ಅದರಲ್ಲಿ ಬ್ಯಾಕಪ್ ಇಲ್ಲ, ಅದಿರುವ ಜಾಗ ತೋರಿಸುವ ಬರೀ ಶಾರ್ಟ್‌ಕಟ್. ಒತ್ತಿದರೆ "ಕಪಾಟಿಗೆ ಹೋಗು" ಎನ್ನುತ್ತದೆ. ಮೌಶಿ ತಮ್ಮದನ್ನು ಬಾಯಿಂದ ಊದಿ, ಸೆರಗಿನಿಂದ ಕುಂಕುಮ ಒರೆಸಿ ಕೊಟ್ಟರು. ಅದು ತೆರೆಯಿತು, ಕಟ್ಟಳೆಯೆಲ್ಲ ಸ್ವಿಚ್ಚಿಗೆ ಮರಳಿತು. ಚೀಟಿ ಪ್ರಿಂಟರಿನಿಂದ ಹೊರಬಂದಾಗ ನಾನು ಅತ್ತೆ, ಡ್ರೈವರಣ್ಣನೂ ಅತ್ತ. ಸಾಹೇಬರು ಹೆಲ್ಮೆಟ್ ಕೆಳಗಿಟ್ಟರು.

ದಸರೆ ಮುಗಿದು ಕಚೇರಿ ತೆರೆದ ದಿನ ಡ್ರೈವರಣ್ಣ ಬಂದ. ಕೈಯಲ್ಲಿ ಬಾಗಿಲ ಹಿಂದಿನ ಆ ಚೀಲ, ಖಾಲಿ.

"ಹೆಂಡತಿ ಕೊಟ್ಟು ಕಳಿಸ್ಯಾಳ್ರಿ. ಮನ್ಯಾಗ ಇದ್ರ ಮತ್ತ ಕಟ್ಟಬೇಕನಸ್ತದಂತ. ಇಲ್ಲೇ ಎಲ್ಲ್ಯಾರ ಭದ್ರ ಇಡ್ರಿ ಅಂದಾಳ."

ಸಾಹೇಬರು ಎದ್ದು ಚೀಲ ಮಡಚಿ ಡಿಸ್ಕಿನ ಕಪಾಟಿನ ಕೆಳಗೆ ತುರುಕಿದರು.

"ಇಲ್ಲಿರ್ಲಿ," ಎಂದರು. "ಇಲ್ಲಿಟ್ಟದ್ದು ಬೇಕಂದಾಗ ಯಾರಿಗೂ ಸಿಗಂಗಿಲ್ಲ."