ಐದನೆಯ ಚೀಲ

ಜಗಳೂರಿನ ಅಗಸೆ ಓಣಿಯ ಹೆಂಗಸರ ಬಾಯಿಯ ಮೇಲೆ ಗಾದ್ರಮ್ಮನಿಗೆ ನಂಬಿಕೆ ಇರಲಿಲ್ಲ. ಆ ಬಾಯಿಂದ ಹೊರಬರುವ ಮಾತಿನ ವಿಷಯ ಬೇರೆ. ಒಳಗೆ ಹೋಗುವ ತಿನಿಸಿನ ವಿಷಯದಲ್ಲಂತೂ ಎಳ್ಳಷ್ಟೂ ಇರಲಿಲ್ಲ. ಎರಡು ವರ್ಷದ ಹಿಂದೆ ಓಣಿಯವರೆಲ್ಲ ಸೇರಿ ಬಸ್ಸು ಗೊತ್ತುಮಾಡಿ ಸೂರಗೊಂಡನಕೊಪ್ಪಕ್ಕೆ ಹೋದಾಗ ಅವಳು ಮೂರು ದಿನ ಒಲೆ ಮುಂದೆ ಬೆಂದು ಕೋಡುಬಳೆ ಕರಿದುಕೊಟ್ಟಿದ್ದಳು. ಬಸ್ಸಿನ ಗಾಲಿ ತಿರುಗುವ ಮೊದಲೇ ಡಬ್ಬಿಯ ಮುಚ್ಚಳ ತಿರುಗಿತು. ದಾವಣಗೆರೆ ಕಾಣುವಷ್ಟರಲ್ಲಿ ಡಬ್ಬಿಯ ತಳ ಕಂಡಿತು. ಕೊಪ್ಪದಲ್ಲಿ ಮಧ್ಯಾಹ್ನ ಹಸಿದು ಕೂತಾಗ, ತಿಂದು ಮುಗಿಸಿದ ಅದೇ ಬಾಯಿಗಳು ಹೇಳಿದ್ದೇನು? "ಗಾದ್ರಕ್ಕ ಸ್ವಲ್ಪ ಕಡಿಮೆ ಮಾಡಿದ್ಲು."

ಕಡಿಮೆ! ನೂರ ಎಂಬತ್ತು ಕೋಡುಬಳೆ. (ಅವಳು ಎಣಿಸಿದ್ದಳು. ಗಾದ್ರಮ್ಮ ಎಣಿಸದೆ ಬಿಟ್ಟದ್ದು ಆಕಾಶದ ಚುಕ್ಕಿಗಳನ್ನು ಮಾತ್ರ. ಅದೂ ಕುತ್ತಿಗೆ ನೋಯುತ್ತದೆಂದು.) ಗಂಡ ತೀರಿಹೋಗಿ ಹದಿನೆಂಟು ವರ್ಷವಾಗಿತ್ತು, ಓದು ಬರಹ ಅಷ್ಟಕ್ಕಷ್ಟೆ. ಆದರೆ ಓಣಿಯಲ್ಲಿ ಯಾರ ಮನೆಯ ಸೀಮಂತಕ್ಕಾಗಲಿ ತೊಟ್ಟಿಲಿಗಾಗಲಿ ಬಾಣಲೆ ಇಡುವ ಮೊದಲು ಗಾದ್ರಮ್ಮನನ್ನು ಕರೆಯುತ್ತಿದ್ದರು. ಅವಳಿಗಿದ್ದ ಆಸ್ತಿ ಅಂದರೆ ಆ ಒಂದು ಕರೆ. "ಕಡಿಮೆ" ಎಂಬ ಮಾತು ಆ ಆಸ್ತಿಗೆ ಹತ್ತಿದ ಗೆದ್ದಲು.

ಆದ್ದರಿಂದ ಈ ವರ್ಷ ಹೊನ್ನಾಳಿಗೆ ಹೋಗಿ ಹೊಳೆಯಲ್ಲಿ ಮಿಂದು ಬರೋಣವೆಂದು ಓಣಿ ತೀರ್ಮಾನಿಸಿದಾಗ ಗಾದ್ರಮ್ಮ ಮನಸ್ಸಿನಲ್ಲೇ ಒಂದು ಶಪಥ ಮಾಡಿದಳು. ಹೊಳೆಯ ನೀರು ಮುಟ್ಟುವ ತನಕ ತಿನಿಸಿನ ಗಂಟು ಬಿಚ್ಚಬಾರದು. ಗಂಗೆಗೆ ಎಡೆ ತೋರಿಸಿದ ಮೇಲೆ ಎಲೆ ಎಲೆಗೂ ಬಡಿಸಬೇಕು, ತಿಂದವರು ಸಾಕಮ್ಮಾ ಅನ್ನಬೇಕು, ಆಮೇಲೂ ಮಿಗಬೇಕು.

ಏನು ಒಯ್ಯಬೇಕೆಂಬ ಸಭೆ ಅವಳ ಮನೆಯ ಜಗಲಿಯ ಮೇಲೆ ಸೇರಿತು. ಬಸ್ಸಿನ ಡ್ರೈವರ್ ಪೀರ್‌ಸಾಬನ ಹೆಂಡತಿ ರೋಶನಬಿ ಮಂಡಕ್ಕಿ ಒಗ್ಗರಣೆ ಆಗಬಹುದೆಂದಳು. ದಾವಣಗೆರೆ ದಾಟುವುದರೊಳಗೆ ಮೆತ್ತಗಾಗಿ ಹತ್ತಿಯಂತಾಗುತ್ತದೆ ಎಂದು ಗಾದ್ರಮ್ಮ ತಳ್ಳಿಹಾಕಿದಳು. ಕರಿಯಕ್ಕ ಮೊಸರನ್ನದ ಹೆಸರೆತ್ತಿದಳು. ಅದು ಬಿಸಿಲಿಗೆ ಹುಳಿಯಾಗಿ ಪಕ್ಕದವರ ಮಡಿಲಿಗೆ ಇಳಿಯುತ್ತದೆ ಎಂದು ಅದನ್ನೂ ಬಿಟ್ಟದ್ದಾಯಿತು. ಎದುರು ಮನೆಯ ಶಿವಗಂಗಮ್ಮ ಮಾತ್ರ, ಚಕ್ಕುಲಿಯನ್ನು ತಾನು ಮಾಡಿ ತರುತ್ತೇನೆ, ಒಬ್ಬರ ಮೇಲೇ ಯಾಕೆ ಭಾರ ಎಂದು ನಯವಾಗಿ ಕೇಳಿದಳು. ಗಾದ್ರಮ್ಮನಿಗೆ ಆ ನಯದ ಒಳಗಿನ ಮುಳ್ಳು ಕಾಣದೆ ಇರಲಿಲ್ಲ. ಶಿವಗಂಗಮ್ಮನ ಚಕ್ಕುಲಿಯನ್ನು ಅವಳು ಈವರೆಗೆ ಬಾಯಿಗಿಟ್ಟವಳಲ್ಲ. ದೂರದಿಂದ ನೋಡಿಯೇ ಹಿಟ್ಟು ಹದವಿಲ್ಲ ಎಂದು ತೀರ್ಪು ಕೊಟ್ಟವಳು.

ಕೊನೆಗೆ ಶೇಂಗಾ ಹೋಳಿಗೆ, ಕೋಡುಬಳೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೊತೆಗೆ ಚಟ್ನಿಪುಡಿ ಎಂದು ಗೊತ್ತಾಯಿತು. ಯುದ್ಧದ ಕಾಲ; ಬೆಲ್ಲ ಸಿಗುವುದೇ ಕಷ್ಟ. ಮನೆಮನೆಯವರೂ ತಮ್ಮ ಪಾಲಿನಲ್ಲಿ ಒಂದೊಂದು ಅಚ್ಚು ತಂದು ಗಾದ್ರಮ್ಮನ ಮೊರಕ್ಕೆ ಹಾಕಿದರು. ಬೇರೆ ಯಾರೂ ಒಂದು ಕಾಳು ಸಹ ಕಟ್ಟಿಕೊಂಡು ಬರಬಾರದು, ತಂದರೆ ತನಗೆ ಅವಮಾನ ಮಾಡಿದ ಹಾಗೆ ಎಂದು ಗಾದ್ರಮ್ಮ ಎಲ್ಲರ ಕೈ ಮುಟ್ಟಿಸಿಕೊಂಡು ಮಾತು ತೆಗೆದುಕೊಂಡಳು. ಇಪ್ಪತ್ತೆರಡು ಕೈಗಳು. ಎಲ್ಲವೂ ಬಹಳ ಸಲೀಸಾಗಿ ಮುಟ್ಟಿದವು. ಅವಳಿಗೆ ಅನುಮಾನ ಬರಬೇಕಿತ್ತು.

ಇನ್ನು ಉಳಿದದ್ದು ರಕ್ಷಣೆಯ ಪ್ರಶ್ನೆ. ಡಬ್ಬಿ ಒಯ್ದರೆ ಸದ್ದಾಗುತ್ತದೆ, ಬುಟ್ಟಿ ಒಯ್ದರೆ ವಾಸನೆ ಬರುತ್ತದೆ, ಸೀಟಿನ ಕೆಳಗಿಟ್ಟರೆ ಕೈ ಬರುತ್ತದೆ. ಗಾದ್ರಮ್ಮ ಎರಡು ದಿನ ಯೋಚಿಸಿದಳು. ಆಗ ಪೆಟ್ರೋಲಿಗೆ ತತ್ವಾರ ಬಂದು ಬಸ್ಸುಗಳೆಲ್ಲ ಇದ್ದಿಲು ತಿನ್ನುವುದನ್ನು ಕಲಿತಿದ್ದವು. ಹಿಂಭಾಗಕ್ಕೆ ಹಂಡೆಯಂಥ ಒಂದು ಕಬ್ಬಿಣದ ಒಲೆ. ಅದರ ಬಾಯಿಗೆ ಮೇಲಿಂದ ಇದ್ದಿಲು ಸುರಿದು ಗಾಳಿ ತಿರುವಿದರೆ ಬಸ್ಸು ಕೆಮ್ಮುತ್ತಾ ಹೊರಡುತ್ತಿತ್ತು. ಇದ್ದಿಲ ಚೀಲಗಳು ಬಸ್ಸಿನ ನೆತ್ತಿಯ ಮೇಲೆ. ಆ ಚೀಲಗಳ ಹತ್ತಿರ ಯಾವ ಹೆಂಗಸು ಹೋಗುತ್ತಾಳೆ, ಅದೂ ಮಡಿ ಸೀರೆ ಉಟ್ಟವಳು?

ಗಾದ್ರಮ್ಮ ನೀರು ತರುವ ನೆಪದಲ್ಲಿ ಪೀರ್‌ಸಾಬನ ಮನೆ ಮುಂದೆ ನಿಂತು ವಿಚಾರಿಸಿದಳು. ಹೊನ್ನಾಳಿ ಮುಟ್ಟಲು ಮೂರು ಚೀಲ ಸಾಕು, ಕೈಯಲ್ಲಿರಲಿ ಅಂತ ನಾಲ್ಕು ಹಾಕುತ್ತೇವೆ, ಬರುವಾಗಿನದನ್ನು ಅಲ್ಲೇ ಕೊಳ್ಳುತ್ತೇವೆ ಎಂದು ಅವನು ಹೇಳಿದ. ಅಲ್ಲಿಗೆ ಲೆಕ್ಕ ಸರಿಯಾಯಿತು. ಮೂರು ಉರಿಯುತ್ತವೆ, ನಾಲ್ಕನೆಯದು ಕಾವಲಿಗಿರುತ್ತದೆ, ಐದನೆಯದು ತನ್ನದು.

ತಿನಿಸನ್ನೆಲ್ಲ ಹಳೆಯ ಸೀರೆಗಳಲ್ಲಿ ಎರಡೆರಡು ಸುತ್ತು ಸುತ್ತಿ, ಕಪ್ಪು ಗೋಣಿಗೆ ತುಂಬಿ, ಯಾರಾದರೂ ಬಾಯಿ ಬಿಚ್ಚಿ ನೋಡಿದರೂ ಗೊತ್ತಾಗದಿರಲೆಂದು ಮೇಲೆ ನಾಲ್ಕು ಸೇರು ಅಸಲಿ ಇದ್ದಿಲು ಹರಡಿ ಹೊಲಿದಳು. ಬೆಳಗಿನ ಜಾವ ಎಲ್ಲರಿಗಿಂತ ಮೊದಲು ಹೋಗಿ ಬಸ್ಸಿನ ಹಿಂದೆ ಉಳಿದ ನಾಲ್ಕರ ಸಾಲಿಗೆ ಇಟ್ಟು ಬಂದಳು. ಕ್ಲೀನರ್ ಲಾಲ್‌ಸಾಬ್, ನೆರೆತ ಗಡ್ಡದ ದೊಡ್ಡ ಮನುಷ್ಯ, ಮಾಲೀಕರು ಈ ಸಾರಿ ಧಾರಾಳವಾಗಿದ್ದಾರೆ ಎಂದುಕೊಂಡು ಐದನ್ನೂ ಮೇಲೇರಿಸಿದ. ಅವನಿಗೆ ಗುಟ್ಟು ಹೇಳಬೇಕೆಂದು ಗಾದ್ರಮ್ಮನಿಗೆ ಅನ್ನಿಸಲಿಲ್ಲ. ಗುಟ್ಟಿನ ರುಚಿ ಹತ್ತಿದವರು ಗಂಟಿನ ರುಚಿಯನ್ನೂ ನೋಡುತ್ತಾರೆ ಎಂಬುದು ಅವಳ ಅನುಭವ.

ಬಸ್ಸು ಹೊರಟಿತು. ಗಂಟು ಎಲ್ಲಿ ಎಂದು ಇಪ್ಪತ್ತೆರಡು ಜೊತೆ ಕಣ್ಣು ಹುಡುಕಿದವು. ಮುಂದಿನ ಸೀಟಿನಲ್ಲಿ ಬರಿಗೈಲಿ ಕೂತ ಗಾದ್ರಮ್ಮ, ಹೊಳೆ ದಡಕ್ಕೆ ತಾನಾಗೇ ಬರುತ್ತೆ ಎಂದಷ್ಟೇ ಹೇಳಿ ನಕ್ಕಳು. ಆ ನಗೆಯಲ್ಲಿ ಹದಿನೆಂಟು ವರ್ಷದಲ್ಲಿ ಕಾಣದ ಒಂದು ರಾಜಠೀವಿ ಇತ್ತು ಎಂದು ಕರಿಯಕ್ಕ ಆಮೇಲೆ ಹೇಳಿದಳು.

ದಾವಣಗೆರೆಯ ತನಕ ಎಲ್ಲ ಸರಿಯಾಗಿತ್ತು. ಅಲ್ಲಿ ಶಿವಗಂಗಮ್ಮ ಒಂದು ರಾಗ ತೆಗೆದಳು. ಅವಳ ಮಗಳು ಚನ್ನಗಿರಿಯಲ್ಲಿ ಹಸಿ ಬಾಣಂತಿ. ಇಷ್ಟು ದೂರ ಬಂದು ಕೂಸಿನ ಮುಖ ನೋಡದೆ ಹೋದರೆ ಬೀಗರು ಏನಂದಾರು? ಕೂಸು ಎಂದ ಮೇಲೆ ಬಸ್ಸಿನಲ್ಲಿ ಎದುರಾಡುವವರಾರು? ಪೀರ್‌ಸಾಬನೂ ಮೂರು ಮಕ್ಕಳ ತಂದೆ, ಚಕ್ರ ತಿರುಗಿಸಿಯೇಬಿಟ್ಟ. ಗಾದ್ರಮ್ಮ ಒಬ್ಬಳೇ ಮುಖ ಊದಿಸಿಕೊಂಡಳು. ಅದು ಇದ್ದಿಲ ಯೋಚನೆಯಿಂದಲ್ಲ. ಕೂಸು ನೋಡಿದ ಕೀರ್ತಿಯೆಲ್ಲ ಶಿವಗಂಗಮ್ಮನಿಗೆ ಹೋಗುತ್ತದಲ್ಲ ಎಂದು. ಅವಳು ಚೀಲಗಳನ್ನು ಎಣಿಸಿದ್ದಳು, ದಾರಿಯನ್ನು ಎಣಿಸಿರಲಿಲ್ಲ.

ಚನ್ನಗಿರಿಯಲ್ಲಿ ಕೂಸಿನ ಕೆನ್ನೆ ಹಿಂಡಿ, ಬೀಗರು ಕೊಟ್ಟ ಮಜ್ಜಿಗೆ ಕುಡಿದು ಹೊರಟಾಗ ಹೊತ್ತು ನೆತ್ತಿಗೆ ಬಂದಿತ್ತು. ಊರು ದಾಟಿ ಏರು ಸಿಕ್ಕಿದ್ದೇ ಬಸ್ಸು ಉಸಿರು ಬಿಟ್ಟಿತು. ಇಂಥ ಏರುಗಳಲ್ಲಿ ಜನ ಇಳಿದು ತಳ್ಳುವುದು ವಾಡಿಕೆ. ಹೆಂಗಸರು ಸೆರಗು ಬಿಗಿದು ಸಿದ್ಧರಾಗುವಷ್ಟರಲ್ಲಿ ಲಾಲ್‌ಸಾಬ್ ಹಿಂದುಗಡೆಯಿಂದ, ಇನ್ನೊಂದು ಚೀಲ ಐತೆ, ಕೂತಿರ್ರಿ ಎಂದು ಕೂಗಿ ಹೇಳಿದ. ಆಗ ಗಾದ್ರಮ್ಮ ಕೂಸು ಯಾರನ್ನು ಹೋಲುತ್ತದೆ ಎಂಬ ವಾದದಲ್ಲಿ ಮುಳುಗಿದ್ದಳು.

ಸ್ವಲ್ಪ ಹೊತ್ತಿಗೆ ಬಸ್ಸಿಗೆ ಎಲ್ಲಿಲ್ಲದ ಹುರುಪು ಬಂತು. ಕೆಮ್ಮು ನಿಂತಿತು. ಏರನ್ನು ಹೋರಿಯಂತೆ ಹತ್ತಿತು. ಜೊತೆಗೆ ಗಾಳಿಯಲ್ಲಿ ಒಂದು ಪರಿಮಳ ಬರತೊಡಗಿತು: ತುಪ್ಪ, ಹುರಿದ ಶೇಂಗಾ, ಏಲಕ್ಕಿ. ಹಸಿದ ಇಪ್ಪತ್ತೆರಡು ಮೂಗುಗಳು ಕಿಟಕಿಯ ಹೊರಗೆ ಹೋದವು. ಇಲ್ಲೆಲ್ಲೋ ಹಟ್ಟಿಯಲ್ಲಿ ಹಬ್ಬ ನಡೆದಿರಬೇಕೆಂದು ರೋಶನಬಿ ಅಂದಳು. ಗಾದ್ರಮ್ಮ ಕಣ್ಣು ಮುಚ್ಚಿ ದೀರ್ಘವಾಗಿ ಮೂಸಿ, ಪರೀಕ್ಷಕರ ಗಾಂಭೀರ್ಯದಿಂದ ತೀರ್ಪು ಕೊಟ್ಟಳು.

"ಶೇಂಗಾ ಹೋಳಿಗೇನೇ ಹೌದು. ಆದ್ರೆ ಬೆಲ್ಲ ಸೀಯಾಕೆ ಹತ್ತೈತೆ ನೋಡ್ರಿ. ಯಾವಳೋ ಮೈಗಳ್ಳಿ, ಒಲೆಗೆ ಇಟ್ಟು ಮಾತಾಡ್ತಾ ಕೂತಾಳೆ. ಬಂಗಾರದಂಥ ಸಾಮಾನು ಹಾಳು ಮಾಡಿದ್ಲು."

ಎಲ್ಲರೂ ಆ ಕಾಣದ ಮೈಗಳ್ಳಿಗಾಗಿ ಮರುಗಿದರು. ವಾಸನೆ ಮಾತ್ರ ಎರಡು ಮೈಲಿ ಬಿಡದೆ ಹಿಂದೆಯೇ ಬಂತು.

ಹೊನ್ನಾಳಿ ಬಂತು, ಹೊಳೆ ಕಂಡಿತು. ಜಗಳೂರಿನ ಬಾವಿಗಳಲ್ಲಿ ಹಗ್ಗದ ತುದಿಯಷ್ಟು ನೀರು ನೋಡಿ ಬೆಳೆದವರು ಅಷ್ಟು ನೀರನ್ನು ಕಂಡು ದಡಕ್ಕೆ ಓಡಿದರು. ಆಮೇಲೆ ಸೀರೆ ಸಮೇತ ಬಿದ್ದರು. ಗಾದ್ರಮ್ಮ ಒಂದೇ ಮುಳುಗು ಹಾಕಿ ಎದ್ದು, ನೀರು ಸುರಿಯುವ ಸೀರೆಯಲ್ಲೇ ಬಸ್ಸಿಗೆ ಬಂದು, ಲಾಲ್‌ಸಾಬನಿಗೆ ತನ್ನ ಚೀಲ ಇಳಿಸಿಕೊಡಲು ಹೇಳಿದಳು.

"ಯಾವ ಚೀಲ, ಅವ್ವಾ?"

"ಐದನೇದು. ಇದ್ದಿಲ ಚೀಲದಂಗೆ ಇರತೈತೆ, ಆದ್ರೆ ಅದು ಇದ್ದಿಲಲ್ಲ."

ಲಾಲ್‌ಸಾಬ್ ಗಡ್ಡ ಕೆರೆದುಕೊಂಡ. ಹಂಡೆಯ ಮುಚ್ಚಳ ತೆಗೆದರೆ ಬಿಸಿ ಹೊಗೆ ಮುಖಕ್ಕೆ ರಾಚುವುದರಿಂದ ಅವನು ಯಾವಾಗಲೂ ಕಣ್ಣು ಮುಚ್ಚಿ, ಮುಖ ತಿರುಗಿಸಿಯೇ ಸುರಿಯುವವನು. ತಪ್ಪು ಒಪ್ಪಿಕೊಳ್ಳುವ ಧ್ವನಿಯಲ್ಲಿ ಮೆಲ್ಲಗೆ ಹೇಳಿದ.

"ಅದು ಏರಿನಾಗೆ ಹೋತಲ್ಲವ್ವಾ. ಬಾಯಾಗೆ ಸಿಕ್ಕಿಕೊಂಡಿತ್ತು, ಕೋಲಿಲೆ ತಿವಿದೆ. ಪಟಪಟ ಅಂತು. ನಾನು, ಭಾಳ ಒಣಗಿದ ಇದ್ದಿಲು ಐತೆ ಅಂದ್ಕೊಂಡೆ."

ಗಾದ್ರಮ್ಮನಿಗೆ ಆ ಮೈಗಳ್ಳಿ ಯಾರೆಂಬುದು ಆಗ ಹೊಳೆಯಿತು. ಅವಳು ಗಾಲಿಗೆ ಒರಗಿ ಕೂತುಬಿಟ್ಟಳು. ಮೂರು ದಿನದ ಬೆವರು, ಓಣಿಯವರ ಬೆಲ್ಲ, ಇಪ್ಪತ್ತಮೂರು ಹೊಟ್ಟೆ. ಈ ಸಲ ಕಡಿಮೆ ಅನ್ನುವುದಕ್ಕೂ ಏನೂ ಉಳಿದಿರಲಿಲ್ಲ. ಮುಚ್ಚಿಡುವ ಸ್ವಭಾವ ಅವಳದಲ್ಲ. ಎದ್ದು ದಡಕ್ಕೆ ಹೋಗಿ, ನಡೆದದ್ದನ್ನು ನಡೆದ ಹಾಗೆ, ನಾಲ್ಕು ಸೇರು ಇದ್ದಿಲನ್ನೂ ಬಿಡದೆ ಹೇಳಿದಳು. ಕೊನೆಗೆ, ನಿಮ್ಮ ಬೆಲ್ಲ ನನ್ನ ಕೈಯಾರೆ ಸುಟ್ಟೆ, ಇನ್ನು ಮೇಲೆ ನನ್ನ ಕರೀಬೇಡ್ರಿ ಎಂದಳು.

ಯಾರೂ ಬೈಯಲಿಲ್ಲ. ಯಾರೂ ನಗಲೂ ಇಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಾಚಿದರು. ಆಮೇಲೆ ಕರಿಯಕ್ಕ ಒಣ ಸೀರೆಯ ಗಂಟಿನೊಳಗಿಂದ ರೊಟ್ಟಿಯ ಕಟ್ಟೊಂದನ್ನು ಹೊರಗೆ ತೆಗೆದಳು. ರೋಶನಬಿ ಗಂಡನ ಸೀಟಿನ ಕೆಳಗಿಂದ ಒಂದು ಡಬ್ಬಿ ತಂದಳು. ಒಬ್ಬಳ ಬಿಂದಿಗೆಯಿಂದ ತಂಬಿಟ್ಟು ಬಂತು, ಇನ್ನೊಬ್ಬಳ ದಿಂಬಿನಿಂದ ಹುರಿಗಡಲೆ. ಗಾದ್ರಮ್ಮ ಹೊಳೆ ತನಕ ಒಂದು ಚೂರೂ ಬಿಚ್ಚುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತಾದ್ದರಿಂದ, ದಾರಿಯಲ್ಲಿ ಕದ್ದು ತಿನ್ನಲು ಎಲ್ಲರೂ ತಂದಿದ್ದರು. ಅವಳ ಹದ್ದಿನ ಕಣ್ಣಿಗೆ ಹೆದರಿ ಯಾರಿಗೂ ತಿನ್ನುವ ಧೈರ್ಯ ಬಂದಿರಲಿಲ್ಲ. ಕೊಟ್ಟ ಮಾತಿನಂತೆ ಬರಿಗೈಲಿ ಬಂದಿದ್ದವಳು ಇಡೀ ಬಸ್ಸಿನಲ್ಲಿ ಗಾದ್ರಮ್ಮ ಒಬ್ಬಳೇ.

ಅವಳಿಗೆ ಸಿಟ್ಟು ಬರಬೇಕೋ ಅಳು ಬರಬೇಕೋ ತಿಳಿಯುವ ಮೊದಲೇ ಶಿವಗಂಗಮ್ಮ ಪಕ್ಕದಲ್ಲಿ ಕೂತು, ಬಾಳೆ ಎಲೆಯ ಮೇಲೆ ಎರಡು ಚಕ್ಕುಲಿ ಇಟ್ಟಳು. ಗಾದ್ರಮ್ಮ ಒಂದನ್ನು ಮುರಿದಳು, ಮೂಸಿದಳು, ಬಾಯಿಗೆ ಹಾಕಿಕೊಂಡಳು. ಇಪ್ಪತ್ತೆರಡು ಮಂದಿ ಅಗಿಯುವುದನ್ನು ನಿಲ್ಲಿಸಿ ಕಾದರು.

"ಉಪ್ಪು ಒಂದು ಚಿಟಿಕೆ ಕಮ್ಮಿ ಐತೆ," ಎಂದಳು. ಎರಡನೆಯದನ್ನೂ ತಿಂದಳು. ಆಮೇಲೆ ಎಲೆಯನ್ನು ಮುಂದಕ್ಕೆ ಸರಿಸಿ, "ಇನ್ನೆರಡು ಹಾಕು, ಸರಿಯಾಗಿ ಗೊತ್ತಾಗಲಿಲ್ಲ."

ಮರಳಿ ಬಂದು ಮೂರು ದಿನ ಗಾದ್ರಮ್ಮ ಜಗಲಿಗೆ ಬರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಓಣಿಯೇ ಅವಳ ಜಗಲಿಗೆ ಬಂತು. ಜೊತೆಗೆ ಪೀರ್‌ಸಾಬನೂ ಬಂದಿದ್ದ. ಮುಂದಿನ ಮಾಗಿಯಲ್ಲಿ ಸಾಸ್ವೆಹಳ್ಳಿಯ ಕಡೆ ಹೋಗುವುದೆಂದು ಗೊತ್ತಾಗಿದೆ, ತಿನಿಸಿನ ಹೊಣೆ ಅವಳದೇ ಎಂದರು. ಗಾದ್ರಮ್ಮ ಕೈ ಮುಗಿದು, ಬೇಡ, ನನ್ನ ಕೈಲಿ ಯಾರ ಹೊಟ್ಟೆಯೂ ತುಂಬಲಿಲ್ಲ ಎಂದಳು.

ಪೀರ್‌ಸಾಬ್ ಟೋಪಿ ಸರಿಮಾಡಿಕೊಂಡು ಮುಂದೆ ಬಂದ.

"ಹಂಗನ್ನಬ್ಯಾಡ್ರಿ ಗಾದ್ರಮ್ಮಾರೆ. ಆ ಏರಿನಾಗೆ ಜನ ಇಳಿಸದೆ ಹತ್ತಿದ್ದು ನನ್ನ ಸರ್ವೀಸಿನಾಗೆ ಅದೇ ಮೊದಲು. ಸಾಸ್ವೆಹಳ್ಳಿ ದಾರಿಯಾಗೂ ಒಂದು ಏರು ಐತಂತೆ."

"ನಮ್ಮ ಹೊಟ್ಟೆ ನಾವು ನೋಡ್ಕೊಂತೀವಿ," ಎಂದಳು ಶಿವಗಂಗಮ್ಮ. "ನೀನು ಬಸ್ಸಿಗೆ ಮಾಡಿಕೊಡು, ಗಾದ್ರಕ್ಕ."

ಓಣಿಗೆ ಓಣಿಯೇ ಬಿದ್ದು ಬಿದ್ದು ನಕ್ಕಿತು. ಗಾದ್ರಮ್ಮ ನಗಲಿಲ್ಲ. ಒಳಗೆ ಹೋಗಿ ಸೇರು ಪಾವುಗಳನ್ನು ತಂದು ಜಗಲಿಯ ಮೇಲೆ ಸಾಲಾಗಿ ಇಟ್ಟು, ಪೀರ್‌ಸಾಬನ ಕಡೆ ತಿರುಗಿ ಕೂತಳು.

"ಆ ಏರು ಎಷ್ಟು ಉದ್ದ ಐತೆ ಅಂತ ಸರಿಯಾಗಿ ಹೇಳಪ್ಪ. ಆಮೇಲೆ ಕಡಿಮೆ ಮಾಡಿದ್ಲು ಅಂತ ನಿನ್ನ ಬಸ್ಸು ಅನ್ನಬಾರದು."